ಹಿಂದಿನ ಗೇಟು

ಚೆನ್ನೈಯ ಅಡ್ಯಾರ್ ನದಿ ಉಕ್ಕಿ ಜಾಫರ್‌ಖಾನ್‌ಪೇಟೆಗೆ ನುಗ್ಗಿದಾಗ ಗುಡಿಸಲುಗಳ ಜನ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನಿಂದ ಒಳಗೆ ಬಂದು, ತಾರಸಿ ಹತ್ತಿ ಜೀವ ಉಳಿಸಿಕೊಂಡರು. ಎರಡನೇ ಮಹಡಿಯ ಭೀಮಾಬಾಯಿ ವಿಧವೆ, ಮಡಿಯುಟ್ಟೇ ಒಲೆ ಹಚ್ಚುವವಳು. ಆ ದಿನಗಳಲ್ಲಿ ಮಡಿ ಬಿಟ್ಟು ತಾರಸಿಯವರಿಗೂ ಅಪಾರ್ಟ್‌ಮೆಂಟಿನವರಿಗೂ ಹುಳಿಯನ್ನ ಬೇಯಿಸಿದಳು. ಆಕೆಯ ಮನೆಗೆಲಸದ ಅಂಜಲೈ ಅದೇ ಗುಡಿಸಲುಗಳವಳು. ಬಾಗಿಲಾಚೆ ಕೂತು ತರಕಾರಿ ಹೆಚ್ಚಿದಳು. ಮಡಿ ಇಲ್ಲದಿದ್ದರೂ ಭೀಮಾಬಾಯಿ ಅವಳನ್ನು ಒಲೆಯ ಹತ್ತಿರ ಕರೆಯಲಿಲ್ಲ.

ನೀರಿಳಿದ ಮೇಲೆ ಆ ಅನ್ನದ ಪೊಟ್ಟಣ ಹಂಚಿದ ಅಪಾರ್ಟ್‌ಮೆಂಟಿನ ಗಂಡಸರಿಗೆ ಶಾಲು ಹೊದಿಸಿದರು. ಭೀಮಾಬಾಯಿಯನ್ನು ಅನ್ನಪೂರ್ಣೆ ಎಂದರು. ಅಂಜಲೈ ಮನೆಮನೆಯ ಕೆಸರು ಬಾಚಿದಳು.

ಆಮೇಲೆ ರಿಪೇರಿಯ ಮಾತು ಬಂತು. ನಿವಾಸಿಗಳ ಸಂಘದ ಕಾರ್ಯದರ್ಶಿ ಕೃಷ್ಣಮೂರ್ತಿಗಳು, ಗುಡಿಸಲಿನವರು ಮತ್ತೆ ಒಳಗೆ ಬರದಂತೆ ಹಿಂದಿನ ಗೇಟು ಕಿತ್ತು ಗೋಡೆ ಎಬ್ಬಿಸಬೇಕೆಂದರು.

“ಅಮ್ಮಾ, ಗೇಟು ಇರಲಿ ಅಂತ ಮೀಟಿಂಗಲ್ಲಿ ನೀವು ಒಂದು ಮಾತು ಹೇಳಿ,” ಎಂದಳು ಅಂಜಲೈ, ಆ ಮನೆಯಲ್ಲೇ ಕಲಿತ ಕನ್ನಡದಲ್ಲಿ. “ನಿಮ್ಮ ಸೋರು, ನಿಮ್ಮ ಅನ್ನ ತಿಂದವರೇ ಎಲ್ಲಾ. ಬೇಡ ಅಂತಾರಾ?”

“ನೋಡೋಣ ಕಣೇ.”

ಮನೆ ಭೀಮಾಬಾಯಿಯ ಹೆಸರಿನಲ್ಲಿತ್ತು, ಓಟೂ ಅವಳದೇ. ಆದರೆ ತಾರಸಿಯ ಜನ ಬಳಸಿ ಹೋದ ತನ್ನ ಬಚ್ಚಲನ್ನು ಅವಳು ತಿರುತಿರುಗಿ ತಿಕ್ಕಿದ್ದಳು. ಗೋಡೆ ಬಂದರೆ ಒಳ್ಳೆಯದೇ ಎಂದು ಒಳಗೊಳಗೇ ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಅಂಜಲೈ ಪರವಾಗಿ ನಿಲ್ಲುವ ಧೈರ್ಯವೂ ಇರಲಿಲ್ಲ.

ಮೀಟಿಂಗಿನ ಸಂಜೆ ಅವಳು ತಲೆಗೆ ನೀರು ಹಾಕಿಕೊಂಡು ಮಡಿಸೀರೆ ಉಟ್ಟಳು.

“ಇದೇನತ್ತೆ, ಸಂಜೆ ಹೊತ್ತಲ್ಲಿ ಮಡಿ?” ಸೊಸೆ ಸುಮೇಧಾ ಕೇಳಿದಳು. “ಏಕಾದಶಿಯೂ ಅಲ್ಲ, ಏನೂ ಅಲ್ಲ.”

“ಮಡೀಲಿದ್ದೀನಿ, ಕೆಳಗೆ ಬರೋಕಾಗಲ್ಲ ಅಂತ ಹೇಳು. ಕಾಫಿ ನೀನೇ ತಗೊಂಡ್ಹೋಗು.”

ಸುಮೇಧಾ ಫ್ಲಾಸ್ಕು ಹಿಡಿದು ಹೋದಳು. ಕಾಫಿ ಮುಗಿಯುವಷ್ಟರಲ್ಲಿ ಗೋಡೆಯೂ ತೀರ್ಮಾನವಾಗಿತ್ತು. ಬೇಡ ಎಂದವರು ಒಬ್ಬರೂ ಇರಲಿಲ್ಲ.

ಈಗ ಅಂಜಲೈ ಮುಖ್ಯರಸ್ತೆ ಸುತ್ತಿಕೊಂಡು ತಡವಾಗಿ ಬರುತ್ತಾಳೆ. ಅಷ್ಟರಲ್ಲಿ ಭೀಮಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅರ್ಧ ಪಾತ್ರೆ ತಿಕ್ಕಿರುತ್ತಾಳೆ. ಅಂಜಲೈ ಬೇಡ ಎನ್ನುವುದಿಲ್ಲ, ಸಂತೋಷವನ್ನೂ ತೋರಿಸುವುದಿಲ್ಲ.

ಐಪ್ಪಸಿ ತಿಂಗಳ ಮಳೆ ಶುರುವಾದ ದಿನ ಭೀಮಾಬಾಯಿ ಅವಳ ಮುಖ ನೋಡದೆ ಹೇಳಿದಳು: “ನೀರು ಬಂದ್ರೆ ಮಕ್ಕಳನ್ನ ಕರ್ಕೊಂಡು ಮುಂದಿನ ಗೇಟಿಗೆ ಬಾ. ನಾನೇ ಇಳಿದು ಬಂದು ತೆಗೆಸ್ತೀನಿ.”

ಅಂಜಲೈ ನಕ್ಕಳು. “ಆವತ್ತು ನೀವು ಮಡೀಲಿದ್ರೆ, ಅಮ್ಮಾ?”

ಭೀಮಾಬಾಯಿಯ ಕೈಯಲ್ಲಿದ್ದ ಬಾಣಲೆಯನ್ನು ಎಳೆದುಕೊಂಡು ತಿಕ್ಕತೊಡಗಿದಳು. “ಬಿಡಿ, ಪಾತ್ರೆ ತಿಕ್ಕೋದು ನನ್ನ ವೇಲೆ.”