ಐದು ಟಿಕ್, ಒಂದೇ ಪುಟ

"ಇಷ್ಟೇನಾ? ಮದ್ವೆ ಕಾಗ್ದದಲ್ಲೂ ಇದಕ್ಕಿಂತ ಜಾಸ್ತಿ ಬರ್ದಿರ್ತಾರೆ ಕಣ್ರೀ!"

ಯಸಳೂರಿನ ಕಾಫಿ ಬೆಳೆಗಾರ ಚಂದ್ರಣ್ಣ ಹೀಗೆಂದಾಗ ನಾನೂ ನಮ್ಮ ಸಂಶೋಧನಾ ವಿದ್ಯಾರ್ಥಿನಿ ರೇಖಾಳೂ ಕಾಫಿ ಮೂಟೆ ಇಡುವ ಅವರ ಸ್ಟೋರಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. (ತೋಟದಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ.) ಪರದೆಯ ಮೇಲೆ ವೈಜ್ಞಾನಿಕ ಲೇಖನವೊಂದರ ಮೊದಲ ಪುಟ. ಕೆಳಗೆ ಜಾರಿಸಿದರೆ ಏನೂ ಇಲ್ಲ.

ಇಳಿಜಾರಿನಲ್ಲಿ ಕೆಲಸದವರು ಕತ್ತಿ ಹಿಡಿದು ಕಾಯುತ್ತಿದ್ದರು.

ವಿಷಯ ಇಷ್ಟು. ಚಂದ್ರಣ್ಣನವರ ಮೆಣಸಿಗೆ ಸೊರಗು ರೋಗ ಬಿದ್ದಿದೆ. ಸತ್ತ ಬಳ್ಳಿಗಳನ್ನು ಕಿತ್ತು ಸುಡುವುದಕ್ಕೆ ತಕರಾರಿಲ್ಲ. ಆದರೆ ಪಕ್ಕದಲ್ಲಿ ಹಸಿರಾಗಿ ನಿಂತವನ್ನೂ ಕೀಳಬೇಕೆ? ಕೀಳಬೇಕು ಎಂದಿದ್ದೆವು ನಾವು. ಯಾವ ಧೈರ್ಯದ ಮೇಲೆ? ಸುತ್ತಲಿನ ಹಸಿರು ಬಳ್ಳಿಯನ್ನೂ ಕಿತ್ತರೆ ರೋಗ ಹರಡದು ಎನ್ನುವ ಆ ಲೇಖನದ ಧೈರ್ಯದ ಮೇಲೆ.

ಮೆಣಸಿನ ರೋಗದ ಬೆನ್ನು ಹತ್ತಿದ ನಾವು ರೇಖಾಳೂ ಸೇರಿ ಐವರು, ಬೇರೆ ಬೇರೆ ಊರುಗಳಲ್ಲಿದ್ದೇವೆ. ಎಲ್ಲರಿಗೂ ಸೇರಿ ಒಂದು ಆನ್‌ಲೈನ್ ಲೈಬ್ರರಿ ಇದೆ. ಯಾರಿಗೆ ಯಾವ ಲೇಖನ ಸಿಕ್ಕರೂ ಅಲ್ಲಿ ಹಾಕುತ್ತೇವೆ, ವಿಷಯವಾರು ಜೋಡಿಸುತ್ತೇವೆ, ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತೇವೆ. ಓದಿದವರು ತಮ್ಮ ಹೆಸರಿನ ಮುಂದೆ ಹಸಿರು ಟಿಕ್ ಹಾಕಬೇಕು. (ಮೊದಲೆಲ್ಲ ಒಂದು ಜೆರಾಕ್ಸ್ ಕೊಡುವುದೆಂದರೆ ಆಸ್ತಿ ಬರೆದುಕೊಟ್ಟಷ್ಟು ಸಂಕಟ!)

ಈ ಲೇಖನಕ್ಕೆ ಐದೂ ಟಿಕ್ ಬಿದ್ದಿದ್ದವು.

ಮೊದಲ ಹಸಿರು ಬಳ್ಳಿಯ ಬುಡಕ್ಕೆ ಕತ್ತಿ ಬಿದ್ದದ್ದೇ ಚಂದ್ರಣ್ಣನಿಗೆ ತಡೆಯಲಾಗಲಿಲ್ಲ. "ಏಯ್, ನಿಲ್ಲುಸ್ರೋ! ಸಾರ್, ಅದ್ರಲ್ಲಿ ಏನ್ ಬರ್ದವ್ರೆ ಒಂಚೂರು ತೋರ್ಸಿ. ಕಡಿದ್‌ಮೇಲೆ ಅಂಟ್ಸೋಕಾಗಲ್ಲ." ಹಾಗೆ ಸ್ಟೋರಿಗೆ ಬಂದು ಲ್ಯಾಪ್‌ಟಾಪ್ ತೆರೆದದ್ದು. ಕಂಡದ್ದು ಬರೀ ಸಾರಾಂಶದ ಪುಟ. ಲೈಬ್ರರಿಗೆ ಏರಿದ್ದೇ ಅಷ್ಟು.

"ಸರ್, ನೀವು ಓದಿದ್ರಲ್ಲ?" ರೇಖಾ ಮೆಲ್ಲಗೆ ಕೇಳಿದಳು.

"ಓದಿದ್ದೀನಮ್ಮ. ಗ್ರಾಫ್ ಕೂಡ ನೆನಪಿದೆ. ಏರ್ತಾ ಹೋಗಿ ತಟ್ಟಂತ ಇಳಿಯುತ್ತೆ."

"ಯಾವ ಗ್ರಾಫ್ ಸರ್? ಇರೋದೇ ಒಂದು ಪುಟ. ನಾನು ನಿಮ್ಮ ಟಿಕ್ ನೋಡಿ ಟಿಕ್ ಹಾಕಿದ್ದು."

ಲೇಖನ ಹಾಕಿದ್ದ ಆಲೂರಿನ ಗೆಳೆಯ ಲೋಕೇಶನಿಗೆ ಫೋನ್ ಮಾಡಿದೆ. "ನಾನು ಹಾಕ್‌ಬುಟ್ಟೆ ಅಷ್ಟೆ ಮಾರಾಯ. ನೀನು ಹೆಂಗೂ ಓದ್ತೀಯಲ್ಲ!"

ಒಂದು ಪುಟಕ್ಕೆ ಐದು ಟಿಕ್. ಉಳಿದದ್ದೆಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ!

ಲೈಬ್ರರಿಯನ್ನು ಬೈದು ಏನು ಪ್ರಯೋಜನ? ಹುಡುಕುವ ಕೆಲಸವನ್ನು ಹಂಚಿಕೊಂಡೆವು, ಒಳ್ಳೆಯದೇ ಆಯಿತು. ಓದುವುದನ್ನೂ ಹಾಗೇ ಇನ್ನೊಬ್ಬರ ಪಾಲಿಗೆ ಬಿಟ್ಟೆವು. ಯಾರದೋ ಸಾವಿನ ಸುದ್ದಿಗೆ ವಾಟ್ಸಾಪ್ ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು ಬೀಳುತ್ತವಲ್ಲ, ಅವರ ಮನೆಗೆ ಎಷ್ಟು ಜನ ಹೋಗಿರುತ್ತಾರೆ?

ನನ್ನನ್ನು ಕಾಡುವುದು ಮಾತ್ರ ಬೇರೆ. ನಾನು ರೇಖಾಗೆ ಸುಳ್ಳು ಹೇಳಿರಲಿಲ್ಲ. ಕಿಟಕಿಯ ಪಕ್ಕ ಕೂತು ಓದಿದ್ದು, ಲೋಟದಲ್ಲಿ ಕಾಫಿ ಆರಿದ್ದು, ಎಲ್ಲ ನೆನಪಿದೆ. ಇಷ್ಟನ್ನೆಲ್ಲ ಒಂದು ಟಿಕ್ ಹುಟ್ಟಿಸಬಲ್ಲದೆ?

ಚಂದ್ರಣ್ಣ ಕೆಲಸದವರನ್ನು ಕಳೆ ತೆಗೆಯಲು ಕಳಿಸಿದರು. "ಒಂದು ಬಳ್ಳೀಲಿ ಮುಗೀತಲ್ಲ, ಬುಡಿ. ಪೂರ್ತಿ ಓದ್ಕಂಡು ಹೇಳಿ."

ಲೇಖಕರಿಗೇ ಬರೆದು ಇಡೀ ಲೇಖನ ತರಿಸಿದೆವು. ಕೊನೆಯಲ್ಲಿ ಅವರೇ ಎಚ್ಚರಿಸಿದ್ದಾರೆ: ನಾವು ನೋಡಿದ್ದು ಸಮತಟ್ಟು ತೋಟ, ಇಳಿಜಾರಿಗೆ ಇದನ್ನು ಹಾಗೇ ಅನ್ವಯಿಸಬೇಡಿ. ಉಳಿದ ಹಸಿರು ಬಳ್ಳಿಗಳನ್ನು ಸದ್ಯ ಮುಟ್ಟಬೇಡಿ ಎಂದು ಚಂದ್ರಣ್ಣನಿಗೆ ಫೋನಿನಲ್ಲಿ ಹೇಳಿದೆ.

"ಈ ಸಲ ನೀವೇ ಓದಿದ್ರಾ?"

ಓದಿದ್ದೆ, ಎರಡು ಸಲ. ಎರಡನೆಯ ಸಲ ಓದಿದ್ದು ಆ ಗ್ರಾಫನ್ನು ಹುಡುಕುವುದಕ್ಕೆ. ಇಡೀ ಲೇಖನದಲ್ಲಿ ಒಂದೂ ಗ್ರಾಫ್ ಇಲ್ಲ.

ನನಗೆ ಮಾತ್ರ ಅದು ಈಗಲೂ ಕಾಣುತ್ತಿದೆ.