ಕೆಡಲಿ ಎಂದು ಕಾದು ಕೂತ ರೇಡಿಯೊ ಸಾಹೇಬರು

ಬೆಳಿಗ್ಗೆ ಟಿವಿ ರಿಮೋಟಿನ ಮುಚ್ಚಳ ತೆಗೆದರೆ ಸೆಲ್ಲು ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಆ ರಬ್ಬರಿನ ವಾಸನೆ ಮೂಗಿಗೆ ಬಂದದ್ದೇ ತಡ, ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದ ರೇಡಿಯೊ ಸಾಹೇಬರು ನೆನಪಾದರು...

ಆಗ ಅಮ್ಮನಿಗೆ ಕಿವಿಯ ಮಿಷನ್ನು ಕೊಡಿಸಿ ಆರು ತಿಂಗಳಾಗಿತ್ತು. ಕುಪ್ಪಸಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ, ಒಳಗೊಂದು ಸೆಲ್ಲು, ಅಲ್ಲಿಂದ ಕಿವಿಗೆ ವೈರು. ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ ಎಂದು ಅಮ್ಮ ಹೇಳುತ್ತಲೇ ಇದ್ದಳು. ನಾನು ಹಾಕಿಕೊಂಡು ನೋಡಿದರೆ ಗಡಿಯಾರದ ಟಿಕ್‌ಟಿಕ್ ಕೂಡ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಎಷ್ಟು ಕೂಗಿದರೂ ತಿರುಗದವಳಿಗೆ, ಜಗಲಿಯಲ್ಲಿ ಪಕ್ಕದ ಮನೆಯವರ ಸುದ್ದಿ ಮಾತ್ರ ಒಂದಕ್ಷರ ಬಿಡದಂತೆ ಕೇಳಿಸುತ್ತಿತ್ತು! ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ದಿನ ನೆಂಟರೆದುರು, ನಮ್ಮಮ್ಮನದು ಜಾಣಕಿವುಡು ಎಂದುಬಿಟ್ಟೆ. ಅಮ್ಮ ಮಿಷನ್ನು ಬಿಚ್ಚಿಟ್ಟಳು. ಅವತ್ತಿನಿಂದ ನನ್ನ ಜೊತೆ ಮಾತೂ ನಿಂತಿತು. ಹದಿನೈದು ದಿನ ಕಳೆದ ಮೇಲೆ ನನಗೇ ತಡೆಯಲಾಗಲಿಲ್ಲ.

ಮಿಷನ್ನು ಒಯ್ದರೆ ಸಾಹೇಬರು ಅದನ್ನು ಮುಟ್ಟಲೂ ಇಲ್ಲ. ಹಾಕಿಕೊಳ್ಳುವವರನ್ನೇ ಕರೆತರಲು ಹೇಳಿದರು. ಮರುದಿನ ಅಮ್ಮ ನನ್ನ ಮುಖ ನೋಡದೆ ಬಂದಳು.

"ಈಗ ಚೆನ್ನಾಗೈತೆ, ಬಿಚ್ಚಿದ್ರೆ ಯಾಕೆ ಕೆಡ್ತೈತೆ ಅಂತ ಗೊತ್ತಾಗಲ್ಲ. ಕೆಡಲಿ, ಕುಂತ್ಕಳ್ರಿ," ಎಂದರು ಸಾಹೇಬರು.

ಇದೆಂಥ ರಿಪೇರಿಯಪ್ಪ ಎನಿಸಿತು. ಅವರು ತುಟಿ ಕಾಣದಂತೆ ನೋಟ್‌ಬುಕ್ ಅಡ್ಡ ಹಿಡಿದು ಅಮ್ಮನನ್ನು ಮಾತಾಡಿಸುತ್ತ ಹೋದರು. ಅಮ್ಮ ಐಮಂಗಲದ ತವರಿನ ಕುರಿಹಟ್ಟಿಯ ಕಥೆಯನ್ನೆಲ್ಲ ಹೇಳಿದಳು. ಅರ್ಧ ಗಂಟೆ ಎಲ್ಲವೂ ಕೇಳಿಸಿತು. ನನಗೋ, ನೋಡಿದಿರಾ ನಾನು ಹೇಳಿದ್ದೇ ನಿಜ ಎಂಬ ಬಿಂಕ. ಆಮೇಲೆ ಅವರು, ಮನೆಯಲ್ಲಿ ಹೇಗೆ ಕೂತು ಕೆಲಸ ಮಾಡುತ್ತೀರೋ ಹಾಗೇ ಕೂರಿ ಎಂದರು. ಅಮ್ಮ ನೆಲಕ್ಕೆ ಇಳಿದು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬಗ್ಗಿದಳು. ಸಾಹೇಬರು ಏನೋ ಕೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು. ಇಲ್ಲ.

ಆಗ ನನಗೆ ಹೊಳೆಯಿತು. ಅಡುಗೆಮನೆಯಲ್ಲಿ ನಾನು ಕೂಗುವಾಗಲೆಲ್ಲ ಅಮ್ಮ ಹೀಗೇ ಬಗ್ಗಿರುತ್ತಿದ್ದಳು. ಜಗಲಿಯಲ್ಲಾದರೆ ಗೋಡೆಗೊರಗಿ ನೆಟ್ಟಗೆ ಕೂರುತ್ತಿದ್ದಳು...

ಸಾಹೇಬರು ಡಬ್ಬಿ ಬಿಚ್ಚಿ ತೋರಿಸಿದರು. ಮೈಯ ಬೆವರಿಗೆ ಸ್ಪ್ರಿಂಗಿನ ಒಂದು ಬದಿ ಕಿಲುಬಾಗಿತ್ತು. ಬಗ್ಗಿದರೆ ಸೆಲ್ಲು ಕೂದಲೆಳೆಯಷ್ಟು ಜರುಗಿ ಆ ಕಿಲುಬಿಗೆ ತಾಗುತ್ತಿತ್ತು, ಕರೆಂಟು ತಪ್ಪುತ್ತಿತ್ತು. ನೆಟ್ಟಗೆ ಕೂತರೆ ಮತ್ತೆ ಸರಿ. ರಬ್ಬರಿನಿಂದ ಉಜ್ಜಿದರು, ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದರು, ಸ್ಪ್ರಿಂಗನ್ನು ತುಸು ಎಳೆದು ಬಿಗಿ ಮಾಡಿದರು. ಅಷ್ಟೇ.

"ಅಮ್ಮಾರು ಹೇಳಿದ್ದು ಸರಿ ಐತ್ರಿ," ಎಂದರು, ನನ್ನ ಕಡೆ ನೋಡದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಬಸ್ಸಿನಲ್ಲಿ ಅಮ್ಮ ತಾನಾಗಿಯೇ ಮಾತಾಡಿಸಿದಳು. ನಾನು ಮಾತ್ರ ಆ ವಿಷಯ ಎತ್ತಲಿಲ್ಲ.

ಕಳೆದ ತಿಂಗಳು ಸಾಹೇಬರು ತೀರಿಹೋದರಂತೆ. ಅಮ್ಮನಿಗೆ ಸುದ್ದಿ ಹೇಳಿದೆ.

"ನಾನ್ ಹೇಳಿದ್ದನ್ನ ನಂಬಿ ಕಾಯ್ಕಂಡು ಕುಂತೋರು ಅವ್ರೊಬ್ರೇ ಕಣೇ," ಎಂದಳು.

ತಪ್ಪಾಯ್ತಮ್ಮ ಎಂದೆ, ಇಷ್ಟು ವರ್ಷಗಳ ಮೇಲೆ. ಅಮ್ಮ ಕೇಳಿಸದವಳಂತೆ ಗೋಡೆಗೊರಗಿ ನೆಟ್ಟಗೆ ಕೂತಿದ್ದಳು. ಆದರೆ ಕೇಳಿಸಿತ್ತು, ಅದು ನನಗೆ ಗೊತ್ತು.