ಲಾರಿಗೆ ಒಗ್ಗದ ಹವಾ

ನಮ್ಮ ಮನೆಯವರು ಹಳೆಯ ಲಾರಿಯೊಂದನ್ನು ಕೊಂಡದ್ದು ನಮ್ಮ ಮದುವೆಯಾದ ಮೂರನೆಯ ವರ್ಷ, ಎರಡು ಸಾವಿರದ ಇಸವಿಯ ಆಸುಪಾಸು. ಅದಕ್ಕೂ ಮುಂಚೆ ಅವರು ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಕುರ್ಚಿಯಲ್ಲಿ ಕುಂತು ಬೇಸತ್ತು, ಅದೇ ಹೆಂಚನ್ನು ಬೆಳಗಾವಿಗೆ ಸಾಗಿಸುವ ಹುಮ್ಮಸ್ಸು ಬಂತು. ಸ್ಟೇರಿಂಗ್ ಹಿಡಿಯುವುದನ್ನು ಬೇಗ ಕಲಿತರು. ಇಂಜಿನ್ನಿನ ವಿಷಯದಲ್ಲಿ ಮಾತ್ರ ಅವರಿಗೆ ನನಗಿಂತ ಹೆಚ್ಚೇನೂ ತಿಳಿದಿರಲಿಲ್ಲ. ನಾನೋ, ಸರಕಾರಿ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಕೊಡುವವಳು.

ಚಳಿಗಾಲ ಬಂದದ್ದೇ ಲಾರಿಯ ನಿಜಗುಣ ಹೊರಬಿತ್ತು. ಮುಂಜಾನೆ ಮಲಪ್ರಭೆಯ ಮಂಜು ಓಣಿಯ ತುಂಬ ಇರುವಾಗ ಅವರು ಸೆಲ್ಫ್ ಹೊಡೆಯುತ್ತಿದ್ದರು. ಲಾರಿ ನರಳುತ್ತಿತ್ತು, ಬಿಳಿ ಹೊಗೆ ಉಗುಳುತ್ತಿತ್ತು, ಸುಮ್ಮನಾಗುತ್ತಿತ್ತು. ಮತ್ತೆ ಹೊಡೆ, ಮತ್ತೆ ನರಳು. ಕೊನೆಗೆ ಓಣಿಯ ನಾಲ್ಕು ಜನ ಬಂದು ನೂಕಬೇಕು. ಅವರು ಕೂಡುವ ತನಕ ಇವರು ಕಟ್ಟೆಯ ಮೇಲೆ ಕುಂತು ಇನ್ನೊಂದು ಕಪ್ ಚಹಾ ಕುಡಿಯುತ್ತಿದ್ದರು. ಖರೇ ಹೇಳುತ್ತೇನೆ, ಆ ಅರ್ಧ ಗಂಟೆ ನನಗೆ ಬಹಳ ಇಷ್ಟವಾಗಿತ್ತು.

ಆದರೆ ಲಾರಿ ಡೀಸೆಲ್ಲನ್ನೂ ಹಾಗೇ ಕುಡಿಯುತ್ತಿತ್ತು. ಆವರೇಜ್ ಎಂಬುದು ಹೆಸರಿಗಷ್ಟೇ. ಖಾನಾಪುರ ಬಿಟ್ಟು ಬೆಳಗಾವಿ ದಾಟಿ ಮುಂದೆ ಹೋಗುವ ಧೈರ್ಯವೇ ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಕೊನೆಗೊಂದು ದಿನ ಬೆಳಗಾವಿಯ ಗ್ಯಾರೇಜಿಗೆ ಒಯ್ದರು. ಅಲ್ಲಿಯ ಮಿಸ್ತ್ರಿ ಮರಾಠಿಯವರು, ಮಾತು ಕಡಿಮೆ. ಸಂಜೆ ಇವರು ಮುಖ ಸಣ್ಣ ಮಾಡಿಕೊಂಡು ಬಂದರು.

"ಏನಂದ್ರು ಮಿಸ್ತ್ರಿ?"

"ಹವಾ ಅಂದ್ರು."

"ಹವಾ ಏನಾಗೇತಿ?"

"ಇಲ್ಲೀ ಹವಾ ಗಾಡಿಗೆ ಒಗ್ಗವಲ್ದು. ನದಿ ದಂಡಿ, ಥಂಡಿ ಊರು. ಮನಷ್ಯಾರಿಗೇ ನೆಗಡಿ ಹಿಡೀತೈತಿ, ಗಾಡಿಗೆ ಹಿಡಿಯಂಗಿಲ್ಲೇನು?"

ಅವತ್ತಿನಿಂದ ಲಾರಿಯ ಬಾಣಂತನ ಶುರುವಾಯಿತು. ಸಂಜೆಯಾದರೆ ಬಾನೆಟ್ಟಿನ ಮೇಲೆ ಗೋಣಿಚೀಲ. ಅದೂ ಸಾಲದಾಗಿ ಒಂದು ದಿನ ನನ್ನ ತಾಯಿ ಹೊಲಿದುಕೊಟ್ಟ ಕೌದಿಯನ್ನೇ ಒಯ್ದು ಹೊಚ್ಚಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಹೆಂಡ್ತಿ ಥಂಡ್ಯಾಗ ನಡಗಾಕತ್ತಾಳ, ನೀವು ಗಾಡಿಗೆ ಕೌದಿ ಹೊಚ್ಚಾಕತ್ತೀರಲ್ಲ!"

"ನಿನಗ ನಾ ಅದೀನಲ್ಲ," ಎಂದರು.

ನಾನು ಒಳಗೆ ಹೋದೆ. ಇಂಥ ಮಾತಿಗೆ ಯಾರು ತಾನೇ ಜಗಳ ಮುಂದುವರಿಸುತ್ತಾರೆ? ಕೌದಿಗೆ ಡೀಸೆಲ್ ವಾಸನೆ ಹತ್ತಿತು, ಲಾರಿ ಮಾತ್ರ ಮರುದಿನವೂ ಏಳಲಿಲ್ಲ.

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಅವರ ಅಕ್ಕನ ಮನೆ. ಒಂದು ಸಲ ತಡವಾಯಿತೆಂದು ಅಲ್ಲೇ ಉಳಿದರು. ಮರುದಿನ ಲಾರಿ ಒಂದೇ ಏಟಿಗೆ ಚಾಲೂ ಆಯಿತಂತೆ. ಇನ್ನೊಮ್ಮೆ ಉಳಿದು ನೋಡಿದರು, ಮತ್ತೆ ಅದೇ. ಇನ್ನೇನು ಬೇಕು? ಬೆಳಗಾವಿ ಹವಾ ಒಗ್ಗಿತು ಎಂದು ತೀರ್ಮಾನವಾಯಿತು. ಲಾರಿ ಅಲ್ಲೇ ನಿಲ್ಲಬೇಕು, ಲಾರಿಯನ್ನು ಬಿಟ್ಟು ಇವರು ಇರಲಾರರು. ರವಿವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುವ ನೆಂಟರಾದರು.

"ಕುಣಿಯಾಕ ಬಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದು ಚುಚ್ಚಿದೆ. ನಕ್ಕು ಬಸ್ಸು ಹತ್ತಿದರು.

ಆ ದಿನಗಳನ್ನು ಹೇಗೆ ಹೇಳಲಿ? ಶಾಲೆಯಿಂದ ಬಂದು ಬೀಗ ತೆಗೆದರೆ ಮನೆ ತಣ್ಣಗೆ ಕೂತಿರುತ್ತಿತ್ತು. ಕೈಗೆ ರೂಢಿಯಾಗಿ ರೊಟ್ಟಿ ಇಬ್ಬರಿಗಾಗುವಷ್ಟು ಬಡಿಯುತ್ತಿದ್ದೆ, ಉಳಿದದ್ದನ್ನು ಮರುದಿನ ಒಬ್ಬಳೇ ಮುರಿದು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದೆ. ಮುಂಜಾನೆ ಆ ನರಳುವ ಸದ್ದಿಲ್ಲದೆ ಎಚ್ಚರವೇ ಆಗುತ್ತಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಗಂಡನನ್ನು ಒಂದು ಲಾರಿಯ ಕೂಡ ಹಂಚಿಕೊಳ್ಳುವ ಗತಿ ಯಾರಿಗೂ ಬೇಡ. ಅವರು ಬೇಕಾಗಿದ್ದರು, ದಿನಾ ಬೇಕಾಗಿದ್ದರು, ಅಷ್ಟೇ.

ಒಂದು ಶನಿವಾರ ಲಾರಿ ಸಮೇತ ಊರಿಗೆ ಬಂದರು. ಓಣಿಯಲ್ಲಿ ಯಾರೋ ಉಸುಕಿನ ರಾಶಿ ಹಾಕಿದ್ದರಿಂದ ತಿರುಗಿಸಲು ಜಾಗವಿರಲಿಲ್ಲ. ಲಾರಿಯನ್ನು ಹಿಂದಕ್ಕೆ ಹಿಂದಕ್ಕೆ ತಂದು ಮನೆಯ ಮುಂದೆ ನಿಲ್ಲಿಸಿದರು. ಮರುದಿನ ಹಲ್ಲು ಕಟಕಟಿಸುವ ಥಂಡಿ. ಲಾರಿ ಮುಟ್ಟಿದ ತಕ್ಷಣ ಗುಡುಗಿತು.

"ನೋಡು, ಬೆಳಗಾವಿ ಹವಾ ಕುಡದು ಹೆಂಗ ಗಟ್ಟಿ ಆಗೇತಿ!"

ನಾನು ಲಾರಿಯನ್ನೇ ನೋಡುತ್ತ ನಿಂತೆ. ನಮ್ಮ ಮನೆಯ ಮುಂದಿನ ನೆಲ ಏರು. ದಿನಾ ಅದು ಮೂತಿ ಮೇಲೆ ಮಾಡಿ ನಿಲ್ಲುತ್ತಿತ್ತು, ಇವತ್ತು ಮೂತಿ ಕೆಳಗಿದೆ. ತಂಬಿಗೆ ವಾಲಿದರೆ ನೀರು ಯಾವ ಕಡೆ ಹೋಗುತ್ತದೆ ಎನ್ನಲು ಮಿಸ್ತ್ರಿಯೇ ಆಗಬೇಕಿಲ್ಲ.

"ಅಕ್ಕನ ಮನಿ ಮುಂದ ಹೆಂಗ ನಿಲ್ಲಸ್ತೀರಿ? ಇಳುಕಲ್ಲೋ, ಏರೋ?"

ತುಸು ಯೋಚಿಸಿ, "ಇಳುಕಲ್," ಎಂದರು.

ಸೋಮವಾರ ಶಾಲೆಗೆ ರಜೆ ಹಾಕಿ ಅವರ ಪಕ್ಕದ ಸೀಟಿನಲ್ಲಿ ಕುಂತು ಗ್ಯಾರೇಜಿಗೆ ಹೋದೆ. ನನ್ನ ಹರಕು ಮರಾಠಿಯಲ್ಲಿ, ನೀವು ಹೇಳಿದ ಹವಾ ಯಾವುದು ಎಂದು ಕೇಳಿದೆ. ಮಿಸ್ತ್ರಿ ಕೈಯಲ್ಲಿನ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಹೋ ಬಾಯಿ, ಪಾಯಿಪಾತಲೀ ಹವಾ! ಖಾನಾಪೂರಚೀ ನವ್ಹೇ!"

ಪೈಪಿನೊಳಗಿನ ಗಾಳಿ, ಖಾನಾಪುರದ್ದಲ್ಲ! ಉಳಿದ ಡೀಸೆಲ್ಲನ್ನು ಇಂಜಿನ್ನಿನಿಂದ ಹಿಂದಿನ ಟಾಕಿಗೆ ಮರಳಿ ಒಯ್ಯುವ ಪೈಪೊಂದಿದೆ. ಅದರ ಕೀಲಿನಲ್ಲಿ ಬೆರಳುಂಗುರದಷ್ಟು ತಾಮ್ರದ ವಾಶರ್ ಸವೆದಿತ್ತು. ಲಾರಿ ಓಡುವಾಗ ಅಲ್ಲಿಂದ ಡೀಸೆಲ್ ಹನಿ ಹನಿ ಹೊರಗೆ ಹೋಗುತ್ತಿತ್ತು. ನಿಂತಾಗ ಅದೇ ಸಂದಿಯಿಂದ ಗಾಳಿ ಒಳಗೆ ಬಂದು, ಏರಿನಲ್ಲಿ ನಿಂತರಂತೂ ಪೈಪಿನ ಡೀಸೆಲ್ಲೆಲ್ಲ ಟಾಕಿಗೆ ಇಳಿದುಬಿಡುತ್ತಿತ್ತು. ಹೋದ ಸಲ ಮಿಸ್ತ್ರಿ ಗಾಳಿ ತೆಗೆದು, ಪೈಪು ನೋಡಬೇಕು, ನಾಳೆ ಬಾ ಎಂದಿದ್ದರಂತೆ. "ಹವಾ" ಎಂಬುದು ಕಿವಿಗೆ ಬಿದ್ದದ್ದೇ ಇವರು ಮುಂದಿನದನ್ನು ಕೇಳಿಸಿಕೊಂಡಿರಲೇ ಇಲ್ಲ.

ವಾಶರ್ ಬದಲಾಯಿತು. ವಾಪಸು ಬರುವಾಗ ಇವರು ಲಾರಿಯನ್ನು ಬಾಜುವಿಗೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂಗಳ ಖರೇನ ಡೊಂಕ ಇತ್ತಲ್ಲಲೇ!"

ಆ ಸಂಜೆ ಲಾರಿ ನಮ್ಮ ಮನೆಯ ಮುಂದೆ ನಿಂತಿತು. ಅಕ್ಕನ ಮನೆಯಲ್ಲಿದ್ದ ಅವರ ಬಟ್ಟೆಯ ಚೀಲವೂ ಮರಳಿ ಬಂತು. ಒಂದು ತಿಂಗಳು ನಾನು ರಾಣಿಯ ಹಾಗೆ ಇದ್ದೆ.

ನನ್ನ ಲೆಕ್ಕ ತಪ್ಪಿದ್ದು ಆಮೇಲೆ ತಿಳಿಯಿತು. ಏರಿರಲಿ ಇಳುಕಲಿರಲಿ, ಲಾರಿ ಈಗ ಅರ್ಧ ಸುತ್ತಿಗೇ ಚಾಲೂ. ಎರಡನೆಯ ಕಪ್ ಚಹಾಕ್ಕೆ ಕೂರುವ ಕಾರಣವೇ ಹೋಯಿತು. ಆವರೇಜ್ ಬಂದ ಸುದ್ದಿ ಬೆಳಗಾವಿಯಲ್ಲಿ ಹರಡಿ, ದೂರದ ಲೋಡುಗಳು ಬರತೊಡಗಿದವು. ಮೊದಲು ಪಣಜಿ, ಆಮೇಲೆ ಪುಣೆ, ಆಮೇಲೆ ಸೂರತ್. ರವಿವಾರದ ನೆಂಟರೂ ಇಲ್ಲವಾದರು.

ಸೂರತ್ತಿನಿಂದ ಒಮ್ಮೆ ಓಣಿಯ ಕಿರಾಣಿ ಅಂಗಡಿಗೆ ಫೋನ್ ಬಂತು. ಅವರು ಹೋಗಿ ಹದಿನಾಲ್ಕು ದಿನವಾಗಿತ್ತು. ಓಡಿದೆ.

"ಏನ್ ಓಡಾಕತ್ತೈತಿ ಅಂತೀ ಗಾಡಿ! ಎಲ್ಲಾರ್ಗೂ ಹೇಳೇನಿ, ನನ್ನ ಹೆಂಡ್ತಿ ರಿಪೇರಿ ಮಾಡಿಸ್ಯಾಳಂತ."

"ಯಾವಾಗ ಬರ್ತೀರಿ?"

"ಜೈಪುರಕ್ಕ ಇನ್ನೊಂದ ಲೋಡ್ ಐತಿ. ಹಳೇ ಗಾಡಿ, ಅಷ್ಟ ದೂರ ಹೋದೀತೇನಂತ ನನಗೂ ಅನಮಾನ. ನೀ ಏನಂತಿ? ನೀ ಬ್ಯಾಡಂದ್ರ ಇಲ್ಲಿಂದನ ತಿರುಗಿ ಬರ್ತೇನಿ."

ಅವರು ಕೇಳಿದ್ದು ನನ್ನೊಳಗಿನ ಮಿಸ್ತ್ರಿಯನ್ನು. ಅಂಗಡಿಯಲ್ಲಿ ಜನ ನಿಂತಿದ್ದರು. 'ಬ್ಯಾಡ್ರಿ, ಗಾಡಿ ತಡಿಯಂಗಿಲ್ಲ, ಬಂದಬಿಡ್ರಿ' ಎಂಬ ಮಾತು ತುದಿನಾಲಿಗೆಯ ಮೇಲಿತ್ತು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು.

"ಹೋಗಿ ಬರ್ರಿ," ಎಂದೆ. "ಗಾಡಿಗೆ ಏನೂ ಆಗಂಗಿಲ್ಲ."

ಜೈಪುರವೂ ಆಯಿತು, ಅದರಾಚೆಯದೂ ಆಯಿತು. ಎಷ್ಟೋ ವರ್ಷಗಳು ಹಾಗೇ ಕಳೆದವು. ಮನೆಯಲ್ಲಿ ಯಾರೂ ಇಲ್ಲದಾಗ ಈಗಲೂ ಒಮ್ಮೊಮ್ಮೆ ಅಂದು ಆಡದೆ ಬಿಟ್ಟ ಆ ಸುಳ್ಳನ್ನು ಗಟ್ಟಿಯಾಗಿ ಹೇಳಿ ನೋಡುತ್ತೇನೆ.